ವರನ ಮುಖ ಮಸುಕಾಗಿದೆ

ಶಹಾಪುರದ ಬಜಾರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನಿಗೆ ನೆಮ್ಮದಿ ಎಂಬುದು ಹಣೆಯಲ್ಲಿ ಬರೆದಿಲ್ಲ. ಎಲ್ಲರ ಕೈಯಲ್ಲೂ ಭಾರಿ ಫೋನು, ಕಳಿಸುವ ಫೋಟೋ ಮಾತ್ರ ಅಂಚೆಚೀಟಿಯಷ್ಟು. ಅದನ್ನು ನಾನು ಗೋಡೆಯಷ್ಟು ಮಾಡಿಕೊಡಬೇಕು. ಆಗುವುದಿಲ್ಲ ಎಂದು ದಿನಾ ಗಂಟಲು ಹರಿದುಕೊಳ್ಳುತ್ತೇನೆ, ಕೇಳುವವರಿಲ್ಲ. ಈಚೆಗೆ ಒಬ್ಬ ವರಮಹಾಶಯ ಬಂದು ನನ್ನ ಉಳಿದ ಜೀವವನ್ನೂ ತಿಂದ.

೧. ದೊಡ್ಡ ಸೈಜು

ಹುಡುಗ ದೋರನಹಳ್ಳಿಯವ, ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ. ಮೂವತ್ತೈದು ದಾಟಿದರೂ ಕಂಕಣಭಾಗ್ಯ ಕೂಡಿಬಂದಿರಲಿಲ್ಲ. ಈಗ ಸುರಪುರದ ಒಂದು ಸಂಬಂಧ ಕುದುರುವ ಹಾಗಿತ್ತು. ಆದರೆ ಅವನು ಕಳಿಸಿದ್ದ ಫೋಟೋ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿ ಬಂದದ್ದು. ಮುಖವೆಲ್ಲ ಚೌಕ ಚೌಕ.

"ಸ್ವಚ್ಛ ಫೋಟೋ ನೋಡಿದ ಮ್ಯಾಲೇ ಮುಂದಿನ ಮಾತು ಅಂದಾರ್ರಿ ಹುಡುಗಿ ಅಪ್ಪ. ಇದನ್ನೇ ದೊಡ್ಡದು ಮಾಡಿಕೊಡ್ರಿ ಅಣ್ಣಾರ."

"ಸಣ್ಣದನ್ನ ಹಿಗ್ಗಿಸಿದ್ರ ಇನ್ನಷ್ಟು ಒಡೀತದೋ ತಮ್ಮಾ. ದೊಡ್ಡ ಸೈಜಿಂದು ಇದ್ರ ಕಳಸು."

ಸಂಜೆ ಕಳಿಸಿದ. ಅದೇ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಸ್ಕ್ರೀನ್‌ಶಾಟ್ ಹೊಡೆದಿದ್ದ. ಪರದೆ ತುಂಬ ಒಂದು ಮೂಗು, ಅರ್ಧ ಮೀಸೆ.

ಫೋನ್ ಮಾಡಿ ಬೈದೆ. "ಇದಕ್ಕಿಂತ ದೊಡ್ಡದು ನನ್ನ ಫೋನಿನ್ಯಾಗ ಹಿಡಸೂದಿಲ್ರಿ," ಎಂದ.

೨. ಅಸಲಿ

"ಹಾಂಗಾದ್ರ ಅಸಲಿ ಫೋಟೋ ಕಳಸು," ಎಂದೆ. ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿಟ್ಟ ಫೋಟೋವನ್ನು ಅವರವ್ವನ ಕೈಯಿಂದ ಮೊಬೈಲಿನಲ್ಲಿ ತೆಗೆಸಿ ಕಳಿಸಿದ. ಗಾಜಿನಲ್ಲಿ ಟ್ಯೂಬ್‌ಲೈಟಿತ್ತು, ಫೋನ್ ಹಿಡಿದು ನಿಂತ ಅವ್ವ ಇದ್ದಳು.

"ನೀ ಎಲ್ಲದೀಯೋ ಇದರಾಗ?"

"ಅವ್ವನ ಹಿಂದ ಅದೀನಿ, ನೋಡ್ರಿ."

ಅಂಗಡಿಗೆ ಬೀಗ ಜಡಿದು ಎಮ್ಮೆ ಕಾಯಲು ಹೋಗೋಣ ಅನ್ನಿಸಿತು.

೩. ಸ್ವಚ್ಛ

ಕೊನೆಗೆ ಅವನನ್ನು ಕರೆದು, ಕೂಡಿಸಿ ನಾನೇ ತೆಗೆದೆ. ಒಳ್ಳೆಯ ಬೆಳಕು, ಪೂರಾ ರೆಸಲ್ಯೂಷನ್. ತೆಳ್ಳನೆ ಬಿಳಿ ಅಂಗಿಯಲ್ಲಿ ಚಂದ ಕಾಣುತ್ತಿದ್ದ. ಮೂಲೆಯಲ್ಲಿ ಸ್ಟುಡಿಯೋದ ಹೆಸರು, ನಂಬರು ಹಾಕಿ, ಒಂಚೂರೂ ಕುಗ್ಗದಂತೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಸುರಪುರದ ಹುಡುಗಿಯ ಅಪ್ಪನಿಗೆ ಕಳಿಸಿಕೊಟ್ಟೆ. ಇನ್ನು ಇವನ ಲಗ್ನ ಆಯಿತು, ನಾನು ಬದುಕಿದೆ ಅಂದುಕೊಂಡೆ.

ಎರಡು ದಿನ ಬಿಟ್ಟು ಬಂದ. ಮುಖ ಬಾಡಿತ್ತು.

"ಸಂಬಂಧ ಮುರೀತ್ರಿ ಅಣ್ಣಾರ."

ಯಾವ ಚಟವೂ ಇಲ್ಲವೆಂದು ಅವರಿಗೆ ಹೇಳಿದ್ದನಂತೆ. ಹುಡುಗಿಯ ಅಪ್ಪ ಫೋಟೋ ಹಿಗ್ಗಿಸುತ್ತ ಹಿಗ್ಗಿಸುತ್ತ ಅಂಗಿಯ ಜೇಬಿಗೆ ಬಂದು ನಿಂತಿದ್ದಾರೆ. ಒಳಗೆ ಗುಟ್ಕಾ ಪಾಕೀಟು. ಅದರ ಮೇಲಿನ ಅಕ್ಷರ ಸಹ ಓದಲು ಬರುತ್ತಿತ್ತಂತೆ.

ಅವನಿಗೆ ಚಹಾ ತರಿಸುವಷ್ಟರಲ್ಲಿ ಫೋನ್ ಬಂತು. ಆ ಹುಡುಗಿಯ ಅಪ್ಪನೇ. ಬೈಸಿಕೊಳ್ಳಲು ತಯಾರಾದೆ.

"ಫೋಟೋ ಅಂದ್ರ ಹಿಂಗಿರಬೇಕ್ರಿ! ನಮ್ಮ ಹುಡುಗಿ ಬಾಳು ಉಳಿಸಿದ್ರಿ ನೀವು. ನಾಳೆ ನನ್ನ ಮಗನ್ನ ಕಳಸ್ತೀನಿ. ಅವಗೂ ಕನ್ಯಾ ನೋಡಾಕತ್ತೀವಿ, ಒಂದು ಫೋಟೋ ತೆಗೀರಿ."

"ಆಗ್ಲಿರಿ, ಕಳಸ್ರಿ."

ಆಮೇಲೆ ದನಿ ತಗ್ಗಿಸಿ ಹೇಳಿದರು:

"ಆದ್ರ ಅವನ್ದು ಇಷ್ಟು ಸ್ವಚ್ಛ ಬ್ಯಾಡ್ರಿ."