ಮೈಸೂರು ಪಾಕ್ ಸಿಗದ ಡಾಕ್ಟರು

ನಾಯಿ ಬೆಕ್ಕುಗಳ ಆಪರೇಷನ್ ವೇಳೆ ಅರಿವಳಿಕೆ ಕೊಡುವ ಡಾಕ್ಟರು ನಾನು. ಈ ಕೆಲಸ ಹಿಡಿದವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಾಲ ಅಲ್ಲಾಡಿಸಿಕೊಂಡು ಬರುತ್ತವೆ. ಬರದೇ ಇರುವುದು ಮೈಸೂರು ಪಾಕ್ ಮಾತ್ರ. ಇಂದಿರಾನಗರದ ನಮ್ಮ ಕ್ಲಿನಿಕ್ಕಿಗೆ, ಗುಣವಾದ ನಾಯಿಯ ಮನೆಯವರು ತರುವ ಸಿಹಿ ಡಬ್ಬಿ ಸೀದಾ ಸರ್ಜನ್ ಕೈಗೆ ಹೋಗುತ್ತದೆ. ಅವರ ಹೊಲಿಗೆ ಎಲ್ಲರಿಗೂ ಕಾಣುತ್ತದಲ್ಲ! ಆದರೆ ಆಪರೇಷನ್ ಮುಗಿಯುವವರೆಗೂ ಆ ಪ್ರಾಣಿಯ ಉಸಿರು ಮತ್ತು ರಕ್ತದಲ್ಲಿನ ಆಮ್ಲದ ಹದ ನೋಡಿಕೊಳ್ಳುವವಳು ನಾನು. ಹದ ತಪ್ಪಿದರೆ ಹೃದಯವೇ ಹಟ ಹಿಡಿಯುತ್ತದೆ. ಈ ಕೆಲಸದ ಬಗ್ಗೆ ನನಗೆ ಜಂಬವಿದೆ, ಮುಚ್ಚಿಡುವುದಿಲ್ಲ. ಒಂದೇ ಒಂದು ಡಬ್ಬಿ ನನ್ನ ಕೈಗೂ ಬರಲಿ ಅನ್ನುವ ಆಸೆಯೂ ಇದೆ.

ಅತ್ತೆಯ ಪರೀಕ್ಷೆ

ಮದುವೆಯಾದ ಹೊಸದರಲ್ಲಿ, ಕಮ್ಮನಹಳ್ಳಿಯ ಮನೆಯಲ್ಲಿ ಅತ್ತೆ ಕೇಳಿದರು, "ನಾಯಿನ ಮಲಗಿಸೋಕೆ ಇಷ್ಟೊಂದು ಓದ್ಬೇಕೇನಮ್ಮ? ಹೊಟ್ಟೆ ತುಂಬ ಅನ್ನ ಹಾಕಿದ್ರೆ ಅದೇ ಮಲಗುತ್ತೆ."

"ಮಲಗಿಸೋದು ಏನ್ ಮಹಾ ಅತ್ತೆ, ಸರಿಯಾಗಿ ಎಬ್ಬಿಸೋದೇ ವಿದ್ಯೆ," ಎಂದೆ ಬೀಗುತ್ತಾ.

ಅತ್ತೆ ಒಳಕೋಣೆಯ ಕಡೆ ನೋಡಿದರು. ಮಾವನ ಗೊರಕೆ ಹಾಲಿನವರೆಗೂ ಕೇಳುತ್ತಿತ್ತು.

"ಹೌದಾ? ಹಾಗಾದ್ರೆ ನಿಮ್ಮ ಮಾವನ್ನ ಎಬ್ಬಿಸು ನೋಡೋಣ. ನಲ್ಲೀಲಿ ನೀರು ಬಂದು ಆಗ್ಲೇ ಹೊತ್ತಾಯ್ತು."

ನೀರು ನಾನೇ ಹಿಡಿದೆ.

ಕೋಪ ಬರದ ಬೆಕ್ಕು

ರಿಚರ್ಡ್ಸ್ ಟೌನಿನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಗಂಡು ಬೆಕ್ಕನ್ನು ಎತ್ತಿಕೊಂಡು ಬಂದರು. ಮೂತ್ರ ಕಟ್ಟಿಕೊಂಡು, ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು ಪಾಪ. ರಕ್ತ ಪರೀಕ್ಷಿಸಿದರೆ ಆಮ್ಲ ಮಿತಿಮೀರಿತ್ತು. ಸೂಜಿಯಿಂದ ಸ್ವಲ್ಪ ಮೂತ್ರ ತೆಗೆದು ಡ್ರಿಪ್ ಹಾಕಿದೆ. ರಕ್ತ ಹದಕ್ಕೆ ಬರುವವರೆಗೂ ಅರಿವಳಿಕೆ ಕೊಡುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ.

ಮೇಷ್ಟ್ರಿಗೆ ತಾಳ್ಮೆ ಕೆಟ್ಟಿತು. "ಸರ್ಜನ್ ರೆಡಿಯಾಗಿದ್ದಾರೆ, ಬೆಕ್ಕು ಅಲ್ಲಾಡ್ತಾನೂ ಇಲ್ಲ. ಇನ್ನೂ ಯಾಕ್ರೀ ಕಾಯ್ಬೇಕು?"

"ಅಲ್ಲಾಡ್ತಿಲ್ಲ ಅನ್ನೋದೇ ಭಯ ಸರ್. ಈಗ ಮಲಗಿಸಿದ್ರೆ ಏಳೋದೇ ಇಲ್ಲ. ಅದಕ್ಕೆ ಕೋಪ ಬರ್ಲಿ, ಆಮೇಲೆ ಮಾಡೋಣ."

ಮೇಷ್ಟ್ರು ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು. ಮಧ್ಯಾಹ್ನದ ಮೇಲೆ ಸರ್ಜನ್ ಬೆಕ್ಕಿನ ಹೊಟ್ಟೆ ಮುಟ್ಟಿ ನೋಡಲು ಕೈ ಚಾಚಿದರು. ಬೆಕ್ಕು ಬುಸ್ಸೆಂದು ಎದ್ದು ಅವರ ಬೆರಳಿಗೇ ಬಾಯಿ ಹಾಕಿತು.

"ಈಗ ಬೆಕ್ಕು ರೆಡಿ," ಎಂದೆ.

ಬೆಕ್ಕು ಉಳಿಯಿತು. ಡಬ್ಬಿ ಮಾತ್ರ ಬ್ಯಾಂಡೇಜ್ ಸುತ್ತಿದ ಆ ಕೈಗೇ ಹೋಯಿತು.

ಕಿಂಡಿಯ ಆಚೆ ಅಜ್ಜಿ

ನಮ್ಮ ಕ್ಲಿನಿಕ್ ಮೊದಲು ಬಂಗಲೆಯಾಗಿತ್ತು. ಅದರ ಅಡುಗೆಮನೆಯೇ ಈಗ ಆಪರೇಷನ್ ಕೋಣೆ. ಹಿಂದೆ ಊಟದ ಹಾಲಿಗೆ ಪಾತ್ರೆ ದಾಟಿಸುತ್ತಿದ್ದ ಕಿಂಡಿಗೆ ಗಾಜು ಹಾಕಿಸಿದ್ದೇವೆ. ಹಲಸೂರಿನ ಅಜ್ಜಿಯೊಬ್ಬರು ತಮ್ಮ ಪಗ್ ನಾಯಿಯನ್ನು ಒಳಗೆ ಕಳಿಸಿ ಆ ಗಾಜಿಗೆ ಮುಖ ಒತ್ತಿ ನಿಂತರು.

"ಹುಷಾರು ಕಣಮ್ಮ. ಮನೆ ತುಂಬ ಜನ ಅವ್ರೆ, ನನ್ ಮಾತು ಕೇಳೋದು ಇದೊಂದೇ," ಎಂದಿದ್ದರು.

ಪಗ್ಗಿನ ಮೂಗು ಮೊದಲೇ ಚಪ್ಪಟೆ. ಅರಿವಳಿಕೆಯಲ್ಲಿ ಅದರ ಉಸಿರು ತೀರಾ ಮೆತ್ತಗಾಯಿತು. ಹೊರಗೆ ಹೋಗಬೇಕಾದ ಇಂಗಾಲದ ಡೈ ಆಕ್ಸೈಡ್ ಒಳಗೇ ಉಳಿದು ರಕ್ತದಲ್ಲಿ ಆಮ್ಲ ಏರತೊಡಗಿತು. ಅದರ ಗಂಟಲಿನ ಕೊಳವೆಗೆ ಜೋಡಿಸಿದ್ದ ಉಸಿರಿನ ಚೀಲವನ್ನು ಕೈಯಿಂದಲೇ ಒತ್ತಿ ಗಾಳಿ ತುಂಬತೊಡಗಿದೆ.

ಅಷ್ಟರಲ್ಲಿ ನರ್ಸ್ ಚೀರಿದಳು, "ಮೇಡಂ, ಅಜ್ಜಿ!"

ಗಾಜಿನಾಚೆ ಅಜ್ಜಿ ಬುಸುಬುಸು ಉಸಿರು ಬಿಡುತ್ತಿದ್ದರು. ಬೆರಳು ಸೆಟೆದುಕೊಂಡಿದ್ದವು, ತಲೆ ವಾಲಾಡುತ್ತಿತ್ತು. ನರ್ಸ್ ಓಡಿಹೋಗಿ ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಗಾಜು ಸ್ವಲ್ಪ ಸರಿಸಿದಳು.

"ಏನಾಯ್ತಜ್ಜಿ?" ಎಂದೆ.

"ಅದು ಉಸಿರಾಡ್ತಿಲ್ಲ ಕಣಮ್ಮ... ಅದರ ಪಾಲಿಂದೂ... ನಾನೇ ಆಡ್ತಿದೀನಿ!"

ಉಸಿರು ಸಾಲದೆ ನಾಯಿಗೆ ಆಮ್ಲ ಏರಿತ್ತು, ಉಸಿರು ಅತಿಯಾಗಿ ಅಜ್ಜಿಗೆ ಇಳಿದಿತ್ತು. ಪುಸ್ತಕದ ಎರಡು ಅಧ್ಯಾಯ ಒಟ್ಟಿಗೆ ಎದುರು ಬಂದಿದ್ದವು. ನಾನೋ ಚೀಲ ಬಿಟ್ಟು ಕದಲುವಂತಿಲ್ಲ.

"ಅಜ್ಜಿ, ನನ್ನ ಕೈ ನೋಡಿ! ನಾನು ಚೀಲ ಒತ್ತಿದಾಗ ಮಾತ್ರ ಉಸಿರು ಎಳ್ಕೊಳ್ಳಿ. ಮಧ್ಯದಲ್ಲಿ ಕಳ್ಳಾಟ ಬೇಡ!"

ನಾನು ಒತ್ತಿದೆ, ಇಬ್ಬರೂ ಉಸಿರಾಡಿದರು. ನಿಧಾನವಾಗಿ ಅಜ್ಜಿಯ ಬೆರಳು ಸಡಿಲವಾದವು, ಮಾನಿಟರಿನಲ್ಲಿ ಪಗ್ಗಿನ ಅಂಕಿಗಳೂ ಹದಕ್ಕೆ ಬಂದವು. ಆಪರೇಷನ್ ಮುಗಿದು ಎಚ್ಚರವಾದಾಗ ಅದು ಅಜ್ಜಿಯ ಕಡೆ ತಿರುಗಿ ಒಮ್ಮೆ ಸೀನಿತು. ಆ ಕ್ಷಣ ನನಗಾದ ಹೆಮ್ಮೆಗೆ ಕೋಣೆ ಸಾಲದಾಯಿತು.

ಹೊಲಿಗೆ ಬಿಚ್ಚಿಸಲು ಬಂದ ದಿನ ಅಜ್ಜಿಯ ಕೈಯಲ್ಲಿ ಮೈಸೂರು ಪಾಕ್ ಡಬ್ಬಿಯಿತ್ತು. ಸರ್ಜನ್ ಅಭ್ಯಾಸಬಲದಿಂದ ಕೈ ಚಾಚಿದರು. ಅಜ್ಜಿ ಅವರನ್ನು ದಾಟಿಕೊಂಡು ನನ್ನ ಹತ್ತಿರ ಬಂದರು.

"ನಿಮ್ ಹೊಲಿಗೆ ಚೆನ್ನಾಗೈತೆ ಡಾಕ್ಟ್ರೇ, ಇಲ್ಲ ಅನ್ನಲ್ಲ. ಆದ್ರೆ ಉಸಿರು ಕೊಟ್ಟೋರು ಇವ್ರು."

ನನ್ನ ಕಣ್ಣು ತುಂಬಿತು. ಎಲ್ಲರೂ ನೋಡಲಿ ಎಂದು ಅಲ್ಲೇ ಮುಚ್ಚಳ ತೆಗೆದೆ. ಡಬ್ಬಿ ಅರ್ಧ ಖಾಲಿ!

"ಅಜ್ಜಿ, ಇನ್ನರ್ಧ?"

"ನಾನ್ ತಿಂದೆ," ಎಂದರು ಅಜ್ಜಿ. "ಉಸಿರು ಕೊಟ್ಟಿದ್ದು ಇಬ್ರೂ ತಾನೆ?"