ನಾಲ್ಕನೆಯ ಗುಂಡಿ

ನಾಣ್ಯಗಳೂ ಸಣ್ಣ ನೋಟುಗಳೂ ಬೀದಿಯಿಂದ ಮಾಯವಾದ ಮೇಲೆ ದರ್ಜಿ ಚಿಲ್ಲರೆಗೆ ಬದಲು ಗುಂಡಿ ಕೊಡತೊಡಗಿದ್ದ. ಔಷಧಿ ಅಂಗಡಿಯವನು ಕೆಮ್ಮಿನ ಮಾತ್ರೆ ಕೊಡುತ್ತಿದ್ದ, ಚಹಾದವನು ಬೆಂಕಿಪೊಟ್ಟಣ. ಆದರೆ ಗುಂಡಿ ಕರಗುವುದಿಲ್ಲ, ಉರಿದುಹೋಗುವುದಿಲ್ಲ. ಬೀದಿಯೆಲ್ಲ ಅದನ್ನೇ ಕೈಯಿಂದ ಕೈಗೆ ದಾಟಿಸಿತು. ಯಾವ ಮುದ್ರೆಯೂ ಇಲ್ಲದ ತನ್ನ ಗುಂಡಿಯನ್ನು ಜನ ನಂಬುತ್ತಾರಲ್ಲ ಎಂದು ದರ್ಜಿಗೆ ಒಳಗೊಳಗೇ ಹೆಮ್ಮೆ.

ಆ ಹೆಮ್ಮೆ ಇಳಿದದ್ದು ಒಂದು ಮಧ್ಯಾಹ್ನ. ಅವನ ಅಂಗಡಿಯ ಕಟ್ಟಡದ ಮಾಲೀಕರ ಕೋಟು ಸಂಜೆ ಐದಕ್ಕೆ ಸಿದ್ಧವಾಗಬೇಕಿತ್ತು. "ಹೊತ್ತಿಗೆ ಸರಿಯಾಗಿ ಕೊಟ್ರೆ ಈ ವರ್ಷ ಬಾಡಿಗೆ ಏರಿಸಲ್ಲ" ಎಂದು ಅವರು ಮಾತು ಕೊಟ್ಟಿದ್ದರು. ಊಟ ಮುಗಿಸಿ ಬಂದು ನೋಡಿದರೆ, ಕೋಟಿಗೆಂದೇ ತಂದಿಟ್ಟ ನಾಲ್ಕು ದೊಡ್ಡ ಕಪ್ಪು ಗುಂಡಿಗಳು ಇಲ್ಲ.

"ಚಿಲ್ಲರೆಗೆ ಕೊಟ್ಟೆ ಕಣ್ರೀ," ಎಂದಳು ಅಷ್ಟು ಹೊತ್ತು ಅಂಗಡಿ ನೋಡಿಕೊಂಡಿದ್ದ ಹೆಂಡತಿ. "ಸಣ್ಣವು ಖಾಲಿಯಾಗಿದ್ವು. ಚಹಾದವರಿಗೆ ಎರಡು, ಕ್ಷೌರದವರಿಗೆ ಒಂದು, ಔಷಧಿಯವರಿಗೆ ಒಂದು. ಎಷ್ಟು ಖುಷಿಪಟ್ರು ಗೊತ್ತಾ!"

ದರ್ಜಿ ಎದ್ದೆನೋ ಬಿದ್ದೆನೋ ಎಂದು ಓಡಿದ.

"ಸುಮ್ನೆ ಹೇಗೆ ಕೊಡ್ಲಿ ಅಣ್ಣ?" ಎಂದ ಕ್ಷೌರದವನು, ಗುಂಡಿಯನ್ನು ಬೆಳಕಿಗೆ ಹಿಡಿದು. "ಕೂತ್ಕೊಳ್ಳಿ. ಕ್ಷೌರ ಮಾಡಿ, ಬಾಕಿ ಚಿಲ್ಲರೆಗೆ ಇದನ್ನೇ ಕೊಡ್ತೀನಿ."

ಮೊನ್ನೆಯಷ್ಟೇ ಕ್ಷೌರ ಕಂಡಿದ್ದ ತಲೆ ಈಗ ತಿಕ್ಕಿ ತೊಳೆದ ಪಾತ್ರೆಯಂತಾಯಿತು. ಔಷಧಿ ಅಂಗಡಿಯಲ್ಲಿ, ಕೆಮ್ಮೇ ಇಲ್ಲದವನು ಕೆಮ್ಮಿನ ಸಿರಪ್ ಕೊಂಡು ಗುಂಡಿ ಬಿಡಿಸಿಕೊಂಡ. ಚಹಾದಂಗಡಿಯಲ್ಲಿ ಎರಡು ಲೋಟ ಸುಡುಸುಡು ಚಹಾ ಕುಡಿದ. ಅಲ್ಲಿ ಸಿಕ್ಕಿದ್ದು ಮಾತ್ರ ಒಂದೇ ಗುಂಡಿ.

"ಇನ್ನೊಂದೆಲ್ಲಯ್ಯಾ?"

"ಆಗ್ಲೇ ಹೋಯ್ತಲ್ಲ! ಯಾರೋ ಕಾರಲ್ಲೇ ಕೂತು ಚಹಾ ತರಿಸ್ಕೊಂಡ್ರು. ಕಿಟಕಿಯಿಂದ ಕೈ ಬಂತು, ಮುಖ ನೋಡ್ಲಿಲ್ಲ."

ಆಗಲೇ ನಾಲ್ಕೂವರೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಮಾದರಿಗೆಂದು ತೂಗುಹಾಕಿದ್ದ ಕೋಟಿನಲ್ಲಿ ಅಂಥದ್ದೇ ಒಂದು ಗುಂಡಿ ಉಳಿದಿತ್ತು. ಮಿಕ್ಕವು ಹೋದ ತಿಂಗಳೇ ಚಿಲ್ಲರೆಯಾಗಿದ್ದವು. ಅದು ಅವನು ಹೊಲಿದ ಮೊಟ್ಟಮೊದಲ ಕೋಟು. ಕತ್ತರಿ ಹಾಕುವಾಗ ಅವನಿಗೆ ನಿಜಕ್ಕೂ ಸಂಕಟವಾಯಿತು. ಇಷ್ಟು ದಿನ ನಂಬಿಕೆ ಎಂದುಕೊಂಡು ತಾನು ಬೀಗಿದ್ದು ಬರೀ ಜನರ ಗತಿಗೇಡು ಇರಬಹುದೇ ಎಂದೂ ಅನ್ನಿಸಿತು.

ಐದಕ್ಕೆ ಸರಿಯಾಗಿ ಮಾಲೀಕರು ಬಂದರು. ಕೋಟು ತೊಟ್ಟು ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿದರು.

"ಬಹಳ ಚೆನ್ನಾಗಿದೆ! ಮಾತು ಅಂದ್ರೆ ಮಾತು, ಬಾಡಿಗೆ ಏರಿಸಲ್ಲ."

ದರ್ಜಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಒಂದು ತೊಂದರೆ ನೋಡಿ. ಬಾಡಿಗೆ ಒಂಬೈನೂರ ಅರವತ್ತು ಅಂದ್ರೆ, ನೀವು ಸಾವಿರ ಕೊಟ್ಟಾಗ ಪ್ರತಿ ತಿಂಗಳೂ ವಾಪಸ್ ಕೊಡೋಕೆ ನಲವತ್ತು ನಾನೆಲ್ಲಿಂದ ತರ್ಲಿ? ಸಾವಿರಾನೇ ಕೊಟ್ಬಿಡಿ."

"ಮತ್ತೆ... ಆ ನಲವತ್ತು?"

"ನಿಮ್ಮ ಬೀದಿ ಪದ್ಧತಿ ನಂಗೂ ಗೊತ್ತಪ್ಪ!" ಮಾಲೀಕರು ಜೇಬಿಗೆ ಕೈಹಾಕಿ ದೊಡ್ಡದೊಂದು ಕಪ್ಪು ಗುಂಡಿ ತೆಗೆದು ಮೇಜಿನ ಮೇಲಿಟ್ಟರು. "ಮಧ್ಯಾಹ್ನ ಚಹಾದವನು ಕೊಟ್ಟ. ತಗೊಳ್ಳಿ, ಈ ತಿಂಗಳಿಂದು ಚುಕ್ತಾ."

ದರ್ಜಿ ಆ ಗುಂಡಿಯನ್ನು ಕೈಗೆತ್ತಿಕೊಂಡು, ಕಪಾಟಿನಲ್ಲಿ ಗುಂಡಿಯಿಲ್ಲದೆ ತೂಗುತ್ತಿದ್ದ ಕೋಟಿನತ್ತ ನೋಡಿದ. ಹಿಂದೆ ನಿಂತಿದ್ದ ಹೆಂಡತಿ ಮಾತ್ರ ಇಷ್ಟಗಲ ಮುಖ ಮಾಡಿ ಹೇಳಿದಳು:

"ನೋಡಿದ್ರಾ, ಸುಮ್ಸುಮ್ನೆ ಒದ್ದಾಡಿದ್ರಿ. ಅದಾಗೇ ಮನೆಗೆ ಬಂತಲ್ರೀ!"