ಗುಡ್ಡ ಹತ್ತಿದ ಮಂಚದ ಹಲಗೆ

"ಈ ದುಡ್ಡಿಗೆ ನಾನು ಇಂಥವು ನಾಲ್ಕು ಕಟ್ತೀನಿ! ಮಿಕ್ಕಿದ್ದರಲ್ಲಿ ನಿನಗೆ ಬಾತುಕೋಳಿ ಊಟಾನೂ ಹಾಕಿಸ್ತೀನಿ!"

ಭಾನುವಾರದ ಊಟಕ್ಕೆ ಸೇರಿದ್ದ ಬಂಧುಬಳಗದ ಎದುರು ಜೋಂಗ್ ಚೀಲ್ಯಾಂಗ್ ಹೀಗೆ ಘರ್ಜಿಸಿದಾಗ, ಅವನ ಊಟದ ಕಡ್ಡಿಗಳ ನಡುವೆ ಸಿಕ್ಕಿಕೊಂಡಿದ್ದ ತೋಫು ತುಂಡೊಂದು ಬೆದರಿ ಸಾರಿನ ಬೋಗುಣಿಗೆ ಹಾರಿತು. ಘರ್ಜನೆಗೆ ಕಾರಣ ಚಿಕ್ಕಪ್ಪನ ಮಗ ದಾಪೆಂಗ್. ಆ ದಿನ ಅವನು ಬಂದಿದ್ದು ಕರೆಂಟಿನ ಸ್ಕೇಟ್‌ಬೋರ್ಡಿನ ಮೇಲೆ. ಅದೂ ಅಂತಿಂಥದ್ದಲ್ಲ. ಕೆಸರು, ಹುಲ್ಲು, ಜಲ್ಲಿಕಲ್ಲು, ಯಾವುದರ ಮೇಲೆ ಬಿಟ್ಟರೂ ಓಡುವ ದಪ್ಪ ಗಾಳಿಟೈರಿನ ಸ್ಕೇಟ್‌ಬೋರ್ಡು! ಅವನು ಬೆಲೆ ಹೇಳಿದಾಗ ಮೇಜಿನ ಸುತ್ತ ಒಂದು ಕ್ಷಣ ಯಾರೂ ಅಗಿಯಲಿಲ್ಲ.

"ಅಣ್ಣಾ, ಇದು ಕೊಳ್ಳೋ ವಸ್ತು, ಕಟ್ಟೋ ವಸ್ತು ಅಲ್ಲ. ನಿನ್ನ ಗೊಂಬೆಗಣ್ಣಿನ ವಿದ್ಯೆ ಇದಕ್ಕೆ ಸಾಲೋದಿಲ್ಲ" ಎಂದು ದಾಪೆಂಗ್ ನಕ್ಕ.

ಅದು ನಾಟಿತು. ಶೆನ್‌ಜೆನ್ ಹೊರವಲಯದ ಆಟಿಕೆ ಕಾರ್ಖಾನೆಯೊಂದರಲ್ಲಿ ಚೀಲ್ಯಾಂಗ್ ಮೇಲ್ವಿಚಾರಕ. ಗೊಂಬೆಗಳ ಎರಡೂ ಕಣ್ಣು ಒಂದೇ ದಿಕ್ಕಿಗೆ ನೋಡುತ್ತಿವೆಯೇ ಎಂದು ಪರೀಕ್ಷಿಸುವುದು ಅವನ ಉದ್ಯೋಗ. ಅದನ್ನು ಅವನು ಎಂಜಿನಿಯರಿಂಗ್ ಎಂದೇ ಭಾವಿಸಿದ್ದ.

"ಚಿಂಗ್‌ಮಿಂಗ್ ಬರಲಿ!" ಎಂದು ಎದ್ದುನಿಂತ. "ಅಜ್ಜನ ಗೋರಿಗೆ ನಾನು ನನ್ನ ಗಾಡಿ ಮೇಲೇ ಹತ್ತುತ್ತೀನಿ. ನಾನೊಬ್ಬನೇ ಅಲ್ಲ, ಎಡೆಯ ಹಂದಿಯೂ ನನ್ನ ಜೊತೆ ಹತ್ತುತ್ತೆ!"

ಮೇಜಿನ ತುದಿಯಲ್ಲಿ ಕೂತಿದ್ದ ದೊಡ್ಡಪ್ಪ ಬಟ್ಟಲು ಕೆಳಗಿಟ್ಟರು. ಚಿಂಗ್‌ಮಿಂಗ್ ಎಂದರೆ ಜೋಂಗ್ ಮನೆತನದ ಅಷ್ಟೂ ಮಂದಿ ಗುಡ್ಡ ಹತ್ತಿ, ಹಿರಿಯರ ಗೋರಿ ಗುಡಿಸಿ, ಇಡಿಯಾಗಿ ಹುರಿದ ಹಂದಿಯನ್ನು ಎಡೆಯಿಡುವ ದಿನ. ಹಂದಿಯ ಉಸ್ತುವಾರಿ ದೊಡ್ಡಪ್ಪನದು. ಹಂದಿಯ ಚರ್ಮ ಸೀಳಿದರೂ ಮನೆತನದ ಮಾನ ಸೀಳಿದಂತೆ ಎಂದು ನಂಬಿದವರು ಅವರು.

"ಮಾತು ಆಡಿದೀಯ. ನಾವೆಲ್ಲ ಕೇಳಿದೀವಿ" ಎಂದಷ್ಟೇ ಹೇಳಿದರು.

ಮನೆಗೆ ಮರಳಿದ ಹೆಂಡತಿ ರುಯ್‌ಲಾನ್ ಬಾಗಿಲ ಬೀಗ ತೆಗೆಯುವಾಗ ಹೇಳಿದಳು: "ಹಂದಿಗೇನಾದ್ರೂ ಆದ್ರೆ ದೊಡ್ಡಪ್ಪ ನಿನ್ನನ್ನೇ ಹುರಿದು ಎಡೆ ಇಡ್ತಾರೆ. ನಾನು ಸಾಸಿವೆ ಗೊಜ್ಜು ತರ್ತೀನಿ."

"ನಗು, ನಗು! ಜಗತ್ತಿನ ಎಲ್ಲ ಆವಿಷ್ಕಾರಗಳನ್ನೂ ನೋಡಿ ಮೊದಲು ನಕ್ಕಿದ್ದು ಹೆಂಡತಿಯರೇ!"

ಆವಿಷ್ಕಾರ ಶುರುವಾಯಿತು. ಗಾಲಿಗಳು ಸಂತೆಯಲ್ಲಿ ಮುರಿದುಬಿದ್ದಿದ್ದ ಕೈಗಾಡಿಗಳಿಂದ ಬಂದವು. ಮೋಟಾರುಗಳು ಯಾವುದೋ ಜನ್ಮದಲ್ಲಿ ಬಟ್ಟೆ ಒಗೆಯುವ ಯಂತ್ರವೋ ನೀರೆತ್ತುವ ಪಂಪೋ ಆಗಿದ್ದವು, ಮಾರಿದವನಿಗೂ ಖಾತ್ರಿಯಿರಲಿಲ್ಲ. ಕಲ್ಲುದಾರಿಯ ಕುಲುಕಾಟ ತಡೆಯಲು ಹಳೆಯ ಸೋಫಾದ ಸ್ಪ್ರಿಂಗುಗಳು. ರಿಮೋಟು ಮಾತ್ರ ಸ್ವಂತ ಕಾರ್ಖಾನೆಯದು: ಪರೀಕ್ಷೆಯಲ್ಲಿ ಫೇಲಾಗಿ ಕಸಕ್ಕೆ ಬಿದ್ದಿದ್ದ ಆಟಿಕೆ ಯುದ್ಧಟ್ಯಾಂಕಿನದು. ಮುಂದೆ, ಹಿಂದೆ, ನಿಲ್ಲು, ಜೊತೆಗೆ 'ಢಂ' ಎನ್ನುವ ಇನ್ನೊಂದು ಗುಂಡಿ. ಒಳ್ಳೆಯ ರಿಮೋಟಿಗೆ ದುಡ್ಡು ಸುರಿಯುವವರು ದಾಪೆಂಗನಂಥ ಮೂರ್ಖರು!

ಉಳಿದದ್ದು ನಿಲ್ಲಲು ಒಂದು ಹಲಗೆ. ಅದು ಎಲ್ಲಿಂದ ಬಂತೆಂಬುದು ರುಯ್‌ಲಾನ್‌ಗೆ ಗೊತ್ತಾದದ್ದು ಮಧ್ಯಾಹ್ನ ಒರಗಲು ಹೋಗಿ ಅರ್ಧ ದೇಹ ಮಂಚದೊಳಕ್ಕೆ ಇಳಿದಾಗ.

"ಚೀಲ್ಯಾಂಗ್!"

"ನನ್ನ ಕಡೆಯ ಹಲಗೆ ತಾನೇ ತೆಗೆದಿದ್ದು? ನಿನ್ನ ಕಡೆಯದು ಭದ್ರವಾಗಿದೆ!"

"ನಿನ್ನ ಕಡೆ ಗುಂಡಿಯಾದ್ರೆ ನನ್ನ ಕಡೆ ಮಲಗಿದವಳು ಎಲ್ಲಿಗೆ ಉರುಳ್ತಾಳೆ? ಮದುವೆಯಾದಾಗ್ಲೇ ಒಂದು ಗುಂಡಿಗೆ ಬಿದ್ದಿದೀನಿ, ಸಾಕಾಗ್ಲಿಲ್ವಾ?"

"ಹಬ್ಬ ಆದ ಮೇಲೆ ವಾಪಸ್ ಹಾಕ್ತೀನಿ."

"ಗಾಲಿ ಸಮೇತ ಹಾಕ್ಬೇಡ. ಇನ್ನು ನನ್ನ ಸ್ಕೂಟರಿನ ಬ್ಯಾಟರಿ ಮೇಲೂ ನಿನ್ನ ಕಣ್ಣಿದೆ ಅಂತ ಗೊತ್ತು. ಹಬ್ಬದ ದಿನ ಒಂದೇ ದಿನ ಕೊಡ್ತೀನಿ. ಮಾರನೇ ದಿನ ಶಿಶುವಿಹಾರದ ಅಡುಗೆಮನೆಗೆ ನಾನು ಹೊತ್ತಿಗೆ ಮುಟ್ಟದೇ ಹೋದ್ರೆ, ಹಸಿದ ಮಕ್ಕಳನ್ನೆಲ್ಲ ನಿನ್ನ ಮೇಲೆ ಬಿಡ್ತೀನಿ!"

ಚೀಲ್ಯಾಂಗ್ ಇದನ್ನು ಪ್ರೋತ್ಸಾಹದ ಮಾತೆಂದೇ ಸ್ವೀಕರಿಸಿದ.

ಚಿಂಗ್‌ಮಿಂಗ್ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಜೋಂಗ್ ಮನೆತನ ನೆರೆಯಿತು. ಹಿಂದಿನ ದಿನದ ಮಳೆಗೆ ದಾರಿಯೆಲ್ಲ ಪಿಚಪಿಚ. ಹೊಂಬಣ್ಣಕ್ಕೆ ಹುರಿದ ಹಂದಿ ಕೆಂಪು ಕಾಗದದ ಮೇಲೆ ನಗುನಗುತ್ತಾ ಬೋರಲು ಮಲಗಿತ್ತು. ಚೀಲ್ಯಾಂಗ್ ಅದನ್ನೆತ್ತಿ ಹಲಗೆಯ ಮುಂಭಾಗಕ್ಕೆ ಹಗ್ಗದಿಂದ ಬಿಗಿದ.

"ನೋಡಿ, ಗಂಡನಾದವನು ಹೆಂಡತಿ ಮಂಚ ಕಿತ್ತು ಹಂದಿಗೆ ಮಣೆ ಹಾಕಿದಾನೆ!" ಎಂದಳು ರುಯ್‌ಲಾನ್. ಹೆಂಗಸರೆಲ್ಲ ಗೊಳ್ಳೆಂದರು.

ಚೀಲ್ಯಾಂಗ್ ಹಂದಿಯ ಹಿಂದೆ ಕಾಲೂರಿ, ದಂಡಯಾತ್ರೆ ಹೊರಟ ಸೇನಾಪತಿಯಂತೆ ಎದೆ ಸೆಟೆಸಿ ಗುಂಡಿ ಒತ್ತಿದ. 'ಢಂ!' ಎಂದಿತು. ಅದು ಬೇರೆ ಗುಂಡಿ. ಸರಿಯಾದದ್ದನ್ನು ಒತ್ತಿದ. ಮೋಟಾರುಗಳು ನರಳಿದವು, ಸ್ಪ್ರಿಂಗುಗಳು ಕಿರುಗುಟ್ಟಿದವು, ಗಾಲಿಗಳು ಕೆಸರು ಕಚ್ಚಿದವು, ಮತ್ತು ಗಾಡಿ ಏರಿತು! ನಿಜವಾಗಿಯೂ ಏರಿತು! ಮೊದಲ ತಿರುವಿನಲ್ಲೇ ದಾಪೆಂಗ್ ತನ್ನ ದುಬಾರಿ ಸ್ಕೇಟ್‌ಬೋರ್ಡನ್ನು ತಲೆಕೆಳಗು ಮಾಡಿಕೊಂಡು ಗಾಲಿ ತಿರುಗಿಸುವ ಬೆಲ್ಟಿಗೆ ಸಿಕ್ಕ ಕೆಸರನ್ನು ಕಡ್ಡಿಯಿಂದ ಕೆದರುತ್ತಿದ್ದ.

"ಏನಪ್ಪಾ ತಮ್ಮಾ, ಕೊಂಡ ವಸ್ತು ಕೈಕೊಡ್ತಾ?" ಎಂದು ಕೂಗಿ ಚೀಲ್ಯಾಂಗ್ ಅವನನ್ನು ದಾಟಿದ. ದಾಟಿದ್ದು ಸಾಲದೆಂದು ಅವನ ಮುಖ ನೋಡಲು ಹಿಂದಕ್ಕೆ ತಿರುಗಿದ.

ತಿರುಗಬಾರದಿತ್ತು. ದಾರಿಗೆ ಅಡ್ಡಬಂದ ಬಿದಿರಿನ ಬೇರೊಂದು ಗಾಡಿಯನ್ನು ಎತ್ತಿ ಕುಕ್ಕಿತು. ಹಂದಿಯನ್ನು ಕಟ್ಟಿದ್ದರು, ಚೀಲ್ಯಾಂಗನನ್ನು ಯಾರೂ ಕಟ್ಟಿರಲಿಲ್ಲ. ಅವನು ಕೆಸರಿನಲ್ಲಿ ಕೂತ. ತನ್ನ ಭಾರ ಇಳಿದ ಖುಷಿಗೆ ಗಾಡಿ ಚಿಗರೆಯಂತೆ ಚಿಮ್ಮಿ ದಾರಿ ಬಿಟ್ಟು ಹುಲ್ಲಿಗೆ ನುಗ್ಗಿತು.

ಚೀಲ್ಯಾಂಗ್ 'ನಿಲ್ಲು' ಒತ್ತಿದ. ನಿಲ್ಲಲಿಲ್ಲ. 'ಹಿಂದೆ' ಒತ್ತಿದ. ಹೋಗಲಿಲ್ಲ. ಆ ಟ್ಯಾಂಕು ಪರೀಕ್ಷೆಯಲ್ಲಿ ಯಾಕೆ ಫೇಲಾಗಿತ್ತೆಂಬುದು ಅವನಿಗೆ ಈಗ ನೆನಪಾಯಿತು: ರಿಮೋಟಿನಿಂದ ಸ್ವಲ್ಪ ದೂರ ಹೋದರೆ ಸಾಕು, ಅದು ಕೊನೆಯ ಅಪ್ಪಣೆಯನ್ನೇ ಪಾಲಿಸುತ್ತಾ ಹೋಗುತ್ತಿತ್ತು. ಕೊನೆಯ ಅಪ್ಪಣೆ 'ಮುಂದೆ'!

ಗಾಡಿ ಮುಂದೆ ಹೋಯಿತು. ಹುಲ್ಲು ದಾಟಿತು, ಜಲ್ಲಿ ದಾಟಿತು, ಕಾಲುವೆ ಹಾರಿತು. ಎಲ್ಲ ನೆಲಕ್ಕೂ ಸೈ ಎಂದು ಚೀಲ್ಯಾಂಗ್ ಸಾರಿದ್ದ ಪ್ರತಿಯೊಂದು ಮಾತನ್ನೂ ಅದು ನಡೆಸಿಕೊಟ್ಟಿತು. ಹಂದಿ ಕಿವಿ ನಿಮಿರಿಸಿಕೊಂಡು, ಬದುಕಿದ್ದಾಗ ಕಾಣದ ವೇಗದಲ್ಲಿ ಗುಡ್ಡದ ಪಕ್ಕೆಗುಂಟ ಸಾಗಿತು. ಅದರ ಹಿಂದೆ ಚೀಲ್ಯಾಂಗ್, ಅವನ ಹಿಂದೆ ರುಯ್‌ಲಾನ್, ಅವಳ ಹಿಂದೆ ದಾಪೆಂಗ್, ಎಲ್ಲರ ಹಿಂದೆ ಊರುಗೋಲು ಝಳಪಿಸುತ್ತಾ ದೊಡ್ಡಪ್ಪ.

ಗಾಡಿ ಕೊನೆಗೆ ಹೋಗಿ ಗುದ್ದಿದ್ದು ಕುದುರೆಲಾಳದ ಆಕಾರದ ಒಂದು ಗೋರಿಯ ಕಟ್ಟೆಗೆ. ಆದರೆ ಅದು ಜೋಂಗ್‌ರ ಗೋರಿಯಲ್ಲ, ಲುವೋ ಮನೆತನದ್ದು!

ಜೋಂಗ್‌ರಿಗೂ ಲುವೋಗಳಿಗೂ ಎಷ್ಟೋ ಕಾಲದಿಂದ ಮಾತಿರಲಿಲ್ಲ. ಯೌವನದಲ್ಲಿ ದೊಡ್ಡಪ್ಪ, ತಮ್ಮ ಅಪ್ಪನ ಗೋರಿಯ ನೋಟಕ್ಕೆ ಅಡ್ಡ ಎಂದು, ಲುವೋಗಳ ಗೋರಿಗೆ ನೆರಳಾಗಿದ್ದ ಲಿಚಿ ಮರವನ್ನು ಕಡಿದು ಉರುಳಿಸಿದ್ದರು. ಅಂದಿನಿಂದ ಎರಡು ಮನೆತನಗಳೂ ಒಂದೇ ಗುಡ್ಡವನ್ನು ಎದುರುಬದುರು ದಾರಿಗಳಿಂದ ಹತ್ತುತ್ತಿದ್ದವು.

ಈಗ ಲುವೋಗಳು ಬೇಯಿಸಿದ ಕೋಳಿಯೊಂದನ್ನಿಟ್ಟು ಊದುಕಡ್ಡಿ ಹಚ್ಚಿ ತಲೆಬಾಗಿದ್ದರು. ಆ ಹೊತ್ತಿಗೆ ಎಲ್ಲಿಂದಲೋ ಬಂದ ಇಡಿ ಹಂದಿಯೊಂದು ಕಟ್ಟೆಗೆ ಹಣೆ ತಾಗಿಸಿ, ಹಿಂದೆ ಸರಿದು, ಮತ್ತೆ ತಾಗಿಸಿ, ಮತ್ತೆ ತಾಗಿಸಿ ನಮಸ್ಕರಿಸತೊಡಗಿತು. ಮುಗ್ಗರಿಸುತ್ತಾ ಬಂದ ಚೀಲ್ಯಾಂಗ್ ಆಯ ತಪ್ಪಿ ಅದರ ಪಕ್ಕದಲ್ಲೇ ಮಂಡಿಯೂರಿ ಬಿದ್ದ.

ಲುವೋ ಮನೆತನದ ಹಿರಿಯಜ್ಜಿ ಮಡಚುಕುರ್ಚಿಯಲ್ಲಿ ಕೂತಿದ್ದಳು. ಮಂಡಿನೋವಿನ ಅವಳನ್ನು ಮಕ್ಕಳು ಅಲ್ಲಿಯವರೆಗೆ ಬೆನ್ನಮೇಲೆ ಹೊತ್ತು ತಂದಿದ್ದರು. ಅವಳು ಹಂದಿಯನ್ನು ನೋಡಿದಳು, ಚೀಲ್ಯಾಂಗನನ್ನು ನೋಡಿದಳು. ಕಣ್ಣಲ್ಲಿ ನೀರು ಬಂತು.

"ಕೊನೆಗೂ ಕಳಿಸಿದ್ರಾ? ನಿಮ್ಮ ದೊಡ್ಡಪ್ಪ ತಪ್ಪಾಯ್ತು ಅಂತ ಹಂದಿ ಕಳಿಸಿದ್ರಾ?"

ಅಷ್ಟರಲ್ಲಿ ದಾಪೆಂಗ್ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ತಪ್ಪಾಯ್ತು ಅಂತಲ್ಲ ಅಜ್ಜೀ! ಇವನ ಗಾಡಿ ದಾರಿ ತಪ್ಪಿ ಬಂದಿದ್ದು! ಡಬ್ಬಾ ಗಾಡಿ!"

ಚೀಲ್ಯಾಂಗನಿಗೆ ಮೈಯೆಲ್ಲ ಉರಿಯಿತು. ಕೆಸರು ಸಹಿಸಬಲ್ಲ, ಮಂಡಿಯ ತರಚು ಸಹಿಸಬಲ್ಲ. ಡಬ್ಬಾ? ಎದ್ದು ನಿಂತ.

"ನನ್ನ ಗಾಡಿ ದಾರಿ ತಪ್ಪೋದಿಲ್ಲ! ಎಲ್ಲಿಗೆ ಬರಬೇಕಿತ್ತೋ ಅಲ್ಲಿಗೇ ಬಂದಿದೆ! ಹೌದು ಅಜ್ಜೀ, ಕಳಿಸಿದ್ದೇ!"

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಗೊತ್ತಾಗಿದ್ದು, ದೊಡ್ಡಪ್ಪ ಬೆನ್ನ ಹಿಂದೆಯೇ ನಿಂತಿದ್ದಾರೆಂದು. ಗಾಡಿಯ ಮಾನ ಉಳಿಸಲು ಅವನು ಮನೆತನದ ಮಾನವನ್ನೇ ಎದುರಾಳಿಗೆ ದಾನ ಮಾಡಿದ್ದ!

"ಯಾರು ಕಳಿಸಿದ್ದು? ನಾನಾ? ತಪ್ಪೂ ಇಲ್ಲ, ಗಿಪ್ಪೂ ಇಲ್ಲ! ಹಂದಿ ಬಿಚ್ಚೋ!" ಎಂದು ದೊಡ್ಡಪ್ಪ ಗುಡುಗಿದರು.

"ಬಿಚ್ಚೋದೆಲ್ಲಿಂದ ಬಂತು?" ಅಜ್ಜಿಯ ದನಿಯೂ ಏರಿತು. "ನಮ್ಮ ಹಿರಿಯರ ಮುಂದೆ ಬಂದು ಅಡ್ಡಬಿದ್ದ ಹಂದಿ. ಊದುಕಡ್ಡಿ ಉರೀತಿದೆ. ಅವರು ಮುಟ್ಟಿಯಾಯ್ತು. ಅವರ ಎಂಜಲನ್ನ ನಿನ್ನ ಅಪ್ಪನಿಗೆ ಇಡ್ತೀಯಾ?"

ಹಗ್ಗಕ್ಕೆ ಚಾಚಿದ್ದ ಕೈಯನ್ನು ದೊಡ್ಡಪ್ಪ ಹಿಂದಕ್ಕೆಳೆದುಕೊಂಡರು. ಅಜ್ಜನಿಗೆ ಎಂಜಲು ಇಡುವಂತಿಲ್ಲ, ಎಡೆಯಿಲ್ಲದೆ ಹೋಗುವಂತೆಯೂ ಇಲ್ಲ! ಹಂದಿ ಮಾತ್ರ ತನ್ನ ಪಾಡಿಗೆ ಟಕ್, ಟಕ್ ಎಂದು ನಮಸ್ಕಾರ ಮುಂದುವರಿಸಿತ್ತು. ಅದನ್ನು ನಿಲ್ಲಿಸಲು ಚೀಲ್ಯಾಂಗ್ ಗಡಿಬಿಡಿಯಲ್ಲಿ ಒತ್ತಿದ ಗುಂಡಿ 'ಢಂ' ಎಂದಿತು.

ನಡುವೆ ಬಂದವಳು ರುಯ್‌ಲಾನ್. "ಹಣೆ ಮುಟ್ಟಿದ್ದು ಮುಂಭಾಗ ತಾನೇ? ಮುಂದಿನರ್ಧ ಅಜ್ಜಿಯವರದು. ಹಿಂದಿನರ್ಧಕ್ಕೆ ಯಾವ ಎಂಜಲೂ ಆಗಿಲ್ಲ."

"ನಮ್ಮಪ್ಪನಿಗೆ ಬಾಲಾನಾ!" ದೊಡ್ಡಪ್ಪ ಊರುಗೋಲು ಕುಟ್ಟಿದರು.

"ಹಾಗಾದ್ರೆ ಉದ್ದಕ್ಕೆ ಸೀಳೋಣ. ಕಿವಿ ಒಂದೊಂದು, ಕಾಲು ಎರಡೆರಡು, ಬಾಲ ಯಾರಿಗೆ ಬೇಕೋ ಅವರಿಗೆ. ಎಡಗಡೆಯವರು ಯಾರು, ಬಲಗಡೆಯವರು ಯಾರು, ಬೇಗ ಹೇಳಿ. ನೊಣ ಬರ್ತಿದೆ."

ಯಾರೋ ಕಿಸಕ್ಕೆಂದರು. ಲುವೋಗಳ ಕಡೆಯವರೋ ಜೋಂಗ್‌ರ ಕಡೆಯವರೋ ತಿಳಿಯಲಿಲ್ಲ. ಅಜ್ಜಿ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡು ದೊಡ್ಡಪ್ಪನ ಕಡೆ ತಿರುಗಿದಳು.

"ಆ ಮರದ ಲಿಚಿ ಬಹಳ ಸಿಹಿ ಇತ್ತು ಕಣೋ."

ದೊಡ್ಡಪ್ಪ ನೆಲ ನೋಡಿದರು. "ಗೊತ್ತು. ಕದ್ದು ತಿಂದಿದೀನಿ" ಎಂದರು.

ಸಂಧಾನ ಅಷ್ಟೇ! ಹಂದಿಯ ನಮಸ್ಕಾರವೂ ತಾನಾಗಿಯೇ ನಿಂತಿತ್ತು; ಬಿಚ್ಚಿ ಸೀಳಿದರು. ಆಗ ಅಜ್ಜಿ ಹೊಸ ಹಟ ತೆಗೆದಳು. ಹಂದಿ ತಗೊಂಡ ಮೇಲೆ ಜೋಂಗ್ ಅಜ್ಜನ ಗೋರಿಗೆ ತಾನೂ ಹೋಗಿ ಊದುಕಡ್ಡಿ ಹಚ್ಚಲೇಬೇಕು, ಮಂಡಿ ಹೋದರೂ ಸರಿ.

"ಮಂಡಿ ಯಾಕೆ ಹೋಗ್ಬೇಕು?" ಚೀಲ್ಯಾಂಗನ ಎದೆ ಮತ್ತೆ ಉಬ್ಬಿತು. "ನನ್ನ ಗಾಡಿ ಇರೋದ್ಯಾಕೆ? ಕೂತ್ಕೊಳ್ಳಿ ಅಜ್ಜೀ! ಅಲುಗಾಡದ ಹಾಗೆ ಕರ್ಕೊಂಡು ಹೋಗ್ತೀನಿ! ದಾಪೆಂಗ್, ಕಣ್ಣು ಬಿಟ್ಟು ನೋಡು!"

ಅಜ್ಜಿ ಕೂತಳು. ಜೋಂಗ್‌ರ ಪಾಲಿನ ಅರ್ಧ ಹಂದಿಯನ್ನು ಮಡಿಲಲ್ಲಿಟ್ಟುಕೊಂಡಳು. ಎರಡೂ ಮನೆತನಗಳು ಸುತ್ತ ನೆರೆದವು. ಚೀಲ್ಯಾಂಗ್ ಗುಂಡಿ ಒತ್ತಿದ. ಮತ್ತೆ ಒತ್ತಿದ. ಗಾಡಿ ಕಮಕ್ ಕಿಮಕ್ ಎನ್ನಲಿಲ್ಲ. ನಮಸ್ಕಾರ ಮಾಡೀ ಮಾಡೀ ಬ್ಯಾಟರಿ ಬರಿದಾಗಿತ್ತು.

ಎಲ್ಲರೂ ಅವನ ಮುಖ ನೋಡಿದರು. ದಾಪೆಂಗ್ ಬಾಯಿ ತೆರೆಯುವ ಮೊದಲೇ ಚೀಲ್ಯಾಂಗ್ ಹಂದಿ ಕಟ್ಟಿದ್ದ ಹಗ್ಗವನ್ನು ಗಾಡಿಯ ಮುಂದಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಹೆಗಲಿಗೆ ಹಾಕಿಕೊಂಡು, ಗುಡ್ಡಕ್ಕೆ ಮುಖ ಮಾಡಿದ. ಹತ್ತುತ್ತೆ ಎಂದ ಮೇಲೆ ಹತ್ತಬೇಕು!

ಎಳೆದ. ಕಾಲು ಜಾರಿದರೂ ಎಳೆದ. ಪಕ್ಕದಲ್ಲಿ ದೊಡ್ಡಪ್ಪ ಅಜ್ಜಿಯೊಡನೆ ಆ ಲಿಚಿ ಮರದ ಯಾವ ಕೊಂಬೆ ಯಾವ ಕಡೆಗಿತ್ತೆಂದು ಜಗಳವಾಡುತ್ತಾ ನಡೆದರು. ಹಿಂದಿನಿಂದ ರುಯ್‌ಲಾನ್, ನಗು ತಡೆಯಲು ತುಟಿ ಕಚ್ಚಿಕೊಂಡು, ತಳ್ಳುತ್ತಾ ಬಂದಳು. ಗೋರಿಯ ಮುಂದೆ ಗಾಡಿ ನಿಂತಾಗ ಚೀಲ್ಯಾಂಗನ ನಾಲಿಗೆ ಎದೆಯವರೆಗೆ ಬಂದಿತ್ತು.

ಅಜ್ಜಿ ಇಳಿದು, ಹಲಗೆಯನ್ನು ಮೆಚ್ಚುಗೆಯಿಂದ ತಟ್ಟಿ, ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು:

"ಬಹಳ ಚೆನ್ನಾಗಿ ಕಟ್ಟಿದಾನೆ, ಒಂದು ಕುಲುಕಾಟ ಇಲ್ಲ! ಕೊರತೆ ಅಂದ್ರೆ ಒಂದೇ. ಮೋಟಾರು ಯಾಕೋ ಏದುಸಿರು ಬಿಡುತ್ತೆ."